ಕ್ಯಾಮೆರಾ ಕಾಯಬೇಕಾದದ್ದು ಬಾಗಿಲನ್ನು

(ಬಾಡಿಗೆದಾರರೂ ಮನೆ ಮಾಲೀಕರೂ ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಹೇಳುವಾಗ ಹಿಂದುಮುಂದಾಗಿದ್ದನ್ನು ಸ್ವಲ್ಪ ಸರಿಪಡಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹದಿನೆಂಟು ವರ್ಷಗಳಿಂದ ನಾನು ಮನೆಗಳಿಗೆ, ಅಂಗಡಿಗಳಿಗೆ, ಗೋದಾಮುಗಳಿಗೆ ಕ್ಯಾಮೆರಾ ಕೂರಿಸುತ್ತಾ ಬಂದಿದ್ದೇನೆ. ಇವತ್ತು ಮಾತನಾಡಲು ಒಪ್ಪಿಕೊಂಡದ್ದು ಒಂದೇ ಬಗೆಯ ಮನೆಯ ಕುರಿತು. ಒಬ್ಬರಿಗೊಬ್ಬರು ನಂಟರಲ್ಲದ ನಾಲ್ಕಾರು ಜನ ಒಂದೇ ಸೂರಿನಡಿ ಬಾಡಿಗೆ ಕೊಟ್ಟು ಬಾಳುವ ಮನೆ. ಕೋಣೆ ಅವರವರದು, ಅಡುಗೆಮನೆ, ಬಚ್ಚಲು, ಹಜಾರ, ಮೆಟ್ಟಿಲು, ಮುಂಬಾಗಿಲು ಎಲ್ಲರದು. ನನ್ನ ಕಸುಬಿನಲ್ಲಿ ಇಂಥ ಮನೆಯ ಕೆಲಸವೇ ಅತ್ಯಂತ ಕಷ್ಟದ್ದು. ತಂತಿ ಎಳೆಯುವುದು ಎಲ್ಲಿಯಾದರೂ ಒಂದೇ. ಕ್ಯಾಮೆರಾದ ಮುಖ ಎತ್ತ ತಿರುಗಿಸಬೇಕು ಎಂಬಲ್ಲಿ ಕಷ್ಟ ಶುರುವಾಗುತ್ತದೆ.

ಕೆಲವು ವರ್ಷಗಳ ಹಿಂದಿನ ಒಂದು ದಿನದ ಕೆಲಸವನ್ನು ಮೊದಲು ಹೇಳುತ್ತೇನೆ. ಐದು ಜನ ಬಾಡಿಗೆದಾರರಿದ್ದ ಮನೆ. ಬಾಗಿಲ ಬಳಿ ಇಟ್ಟ ಪಾರ್ಸೆಲ್ ಎರಡು ಬಾರಿ ಕಾಣೆಯಾಗಿತ್ತು, ಒಂದು ಸೈಕಲ್ಲೂ ಹೋಗಿತ್ತು. ಮಾಲೀಕರು ಬೇರೆ ಕಡೆ ವಾಸವಿದ್ದವರು. ಫೋನಿನಲ್ಲೇ ಮೂರು ಕ್ಯಾಮೆರಾ ಹಾಕಲು ಹೇಳಿದರು. ಗೇಟಿಗೊಂದು, ಮುಂಬಾಗಿಲಿಗೊಂದು, ಹಜಾರದ ಮೂಲೆಯಲ್ಲೊಂದು. ಮೊದಲೆರಡನ್ನು ಮುಗಿಸಿ ಮೂರನೆಯದಕ್ಕೆ ಏಣಿ ಹತ್ತಿದ್ದೆ. ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ತಲೆಗೆ ಟವೆಲ್ ಸುತ್ತಿಕೊಂಡು ಬಚ್ಚಲಿನಿಂದ ಹೊರಗೆ ಬಂದರು. ನನ್ನನ್ನು ನೋಡಿ ನಿಂತರು.

"ಅಣ್ಣಾ, ಅದರಲ್ಲಿ ಏನೆಲ್ಲ ಕಾಣುತ್ತದೆ? ಒಮ್ಮೆ ತೋರಿಸುತ್ತೀರಾ?"

ಆಂಗಲ್ ಹೊಂದಿಸಲು ಮೊಬೈಲಿನಲ್ಲಿ ಚಿತ್ರ ತೆರೆದಿಟ್ಟುಕೊಂಡಿದ್ದೆ. ಕೆಳಗಿಳಿದು ಅವರ ಕೈಗೆ ಕೊಟ್ಟೆ. ಬಚ್ಚಲಿನ ಬಾಗಿಲು, ಫ್ರಿಜ್ಜು, ಎರಡು ಕೋಣೆಗಳ ಬಾಗಿಲುಗಳು, ಒಂದು ಬಾಗಿಲ ಮುಂದೆ ಬಿಟ್ಟಿದ್ದ ಚಪ್ಪಲಿ, ಎಲ್ಲವೂ ಚೆನ್ನಾಗಿ ಕಾಣುತ್ತಿದ್ದವು. ಚಿತ್ರ ಅಷ್ಟು ನಿಚ್ಚಳವಾಗಿ ಬಂದಿದೆ ಎಂದು ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಆಕೆ ಆ ಚಪ್ಪಲಿಯ ಮೇಲೆ ಬೆರಳಿಟ್ಟರು.

"ಇದು ಇಲ್ಲಿದ್ದರೆ ನಾನು ಒಳಗಿದ್ದೇನೆ. ಇಲ್ಲದಿದ್ದರೆ ಹೊರಗೆ ಹೋಗಿದ್ದೇನೆ. ಪಕ್ಕದಲ್ಲಿ ಇನ್ನೊಂದು ಜೊತೆ ಇದ್ದರೆ ನನ್ನ ಕೋಣೆಗೆ ಯಾರೋ ಬಂದಿದ್ದಾರೆ. ಇದನ್ನೆಲ್ಲ ಯಾರು ನೋಡುತ್ತಾರೆ?"

ಮಾಲೀಕರ ಮೊಬೈಲಿಗೆ ಹೋಗುತ್ತದೆ ಎಂದೆ. ಬೇರೆ ಉತ್ತರ ನನ್ನ ಬಳಿ ಇರಲಿಲ್ಲ. ಎಷ್ಟು ದೂರ ಕಾಣುತ್ತದೆ, ಕತ್ತಲಲ್ಲಿ ಕಾಣುತ್ತದೆಯೇ, ಎಷ್ಟು ದಿನದ ರೆಕಾರ್ಡಿಂಗ್ ಉಳಿಯುತ್ತದೆ ಎಂದು ಸಾವಿರ ಸಲ ಕೇಳಿಸಿಕೊಂಡಿದ್ದೆ. ಯಾರು ನೋಡುತ್ತಾರೆ ಎಂದು ಅದುವರೆಗೆ ನನ್ನನ್ನು ಒಬ್ಬರೂ ಕೇಳಿರಲಿಲ್ಲ. ಕೇಳಬೇಕಾದವರ ಕೈಗೆ ನಾನು ಎಂದೂ ಆ ಪರದೆಯನ್ನು ಕೊಟ್ಟಿರಲಿಲ್ಲ.

ಅಂದಿನಿಂದ ನಾನು ನಂಬಿಕೊಂಡು ಬಂದಿರುವುದು ಇಷ್ಟು: ಹಂಚಿಕೊಂಡ ಮನೆಯಲ್ಲಿ ಕ್ಯಾಮೆರಾ ಕಾಯಬೇಕಾದದ್ದು ಬಾಗಿಲನ್ನು, ಬಾಗಿಲೊಳಗೆ ಬಾಳುವವರನ್ನಲ್ಲ. ಯಾರ ಚಿತ್ರ ಬೀಳುತ್ತದೆಯೋ ಅವರಿಗೆ ಅದರ ಮೇಲೆ ಮಾತಿರಬೇಕು.

ಇದು ನನ್ನ ಹೊಸ ಶೋಧವೇನಲ್ಲ. ಮನೆಯ ಕ್ಯಾಮೆರಾ ಹುಟ್ಟಿದ್ದೇ ಹೀಗೆ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ದಾದಿ, ತಮ್ಮ ಪತಿ ಆಲ್ಬರ್ಟ್ ಜೊತೆಗೂಡಿ 1966ರಲ್ಲಿ ಮನೆಯ ಭದ್ರತಾ ವ್ಯವಸ್ಥೆಯೊಂದಕ್ಕೆ ಪೇಟೆಂಟ್ ಕೋರಿದರು. 1969ರ ಡಿಸೆಂಬರಿನಲ್ಲಿ ಅದು ದೊರೆಯಿತು. ಬಾಗಿಲಲ್ಲಿ ಬೇರೆ ಬೇರೆ ಎತ್ತರದಲ್ಲಿ ಇಣುಕುಕಿಂಡಿಗಳು, ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಮಲಗುವ ಕೋಣೆಯಲ್ಲಿ ಚಿತ್ರ ತೋರಿಸುವ ಪರದೆ, ಹೊರಗಿನವರೊಡನೆ ಮಾತನಾಡುವ ಸೌಲಭ್ಯ, ಬೇಕೆನಿಸಿದರೆ ಬಾಗಿಲು ತೆರೆಯುವ ಗುಂಡಿ. ಕಣ್ಣು ಹೊರಗೆ ನೋಡುತ್ತಿತ್ತು, ಪರದೆ ಮನೆಯಲ್ಲಿ ಇರುವವರ ಕೈಯಲ್ಲಿತ್ತು. ಬಾಡಿಗೆ ಮನೆಗೆ ಬರುವ ಹೊತ್ತಿಗೆ ಎರಡೂ ತಿರುಗುಮುರುಗಾಗಿವೆ. ಕಣ್ಣು ಒಳಗೆ ನೋಡುತ್ತದೆ, ಪರದೆ ಹೊರಗಿರುವವರ ಕೈಯಲ್ಲಿದೆ.

ಹಾಗೆಂದು ಮಾಲೀಕರ ಅಂಜಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಇಲ್ಲಿ ಕುಳಿತಿರುವ ಎಷ್ಟೋ ಮಾಲೀಕರು ಸಾಲ ಮಾಡಿ ಮನೆ ಕಟ್ಟಿದವರು. ಕಳ್ಳತನವಾದರೆ ಬಾಡಿಗೆದಾರರು ಮೊದಲು ಬಂದು ಕೇಳುವುದೂ ಅವರನ್ನೇ. ಆದರೆ ಕ್ಯಾಮೆರಾದಿಂದ ಎಷ್ಟು ಕೆಲಸವಾಗುತ್ತದೆ ಎಂಬುದನ್ನು ತಿಳಿದು ಹಾಕಿಸಬೇಕು. ಪೈಜಾ, ವೆಲ್ಷ್, ಫ್ಯಾರಿಂಗ್ಟನ್ ಮತ್ತು ಥಾಮಸ್ ಎಂಬ ಸಂಶೋಧಕರು ನಲವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಒಂದು ಪರಿಶೀಲನೆ ಪ್ರಕಟಿಸಿದರು. ಕ್ಯಾಮೆರಾ ಇದ್ದ ಕಡೆ ಅಪರಾಧ ಇಳಿದದ್ದು ಸುಮಾರು 13 ಶೇಕಡಾ. ಅತಿ ಹೆಚ್ಚು ಪರಿಣಾಮ ಕಂಡದ್ದು ವಾಹನ ನಿಲ್ಲಿಸುವ ಜಾಗಗಳಲ್ಲಿ. ಯಾರಾದರೂ ಕುಳಿತು ನೋಡುತ್ತಿದ್ದ ಕ್ಯಾಮೆರಾಗಳು, ಸುಮ್ಮನೆ ರೆಕಾರ್ಡ್ ಮಾಡುವ ಕ್ಯಾಮೆರಾಗಳಿಗಿಂತ ಹೆಚ್ಚು ಫಲ ಕೊಟ್ಟಿದ್ದವು. ನಮ್ಮ ಮನೆಗಳಲ್ಲಿ ಇರುವುದು ಎರಡನೆಯ ಬಗೆ. ಕಳ್ಳ ಹೋದ ಮೇಲೆ ಅವನ ಟೋಪಿ ತೋರಿಸುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಮಾತು ನೆನಪಿಗೆ ಬರುವುದು ಇಲ್ಲಿಯೇ. ಒಳ್ಳೆಯ ಬೀಗ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ಮೆಟ್ಟಿಲಿಗೆ ಬೆಳಕು, ಪಾರ್ಸೆಲ್ ಇಡಲು ಬೀಗವಿರುವ ಪೆಟ್ಟಿಗೆ, ಇವು ಮೊದಲು. ಇವನ್ನು ಹಾಕಿದ ಮೇಲೂ ಕ್ಯಾಮೆರಾ ಬೇಕೆನಿಸಿದರೆ ಅದು ಬಾಗಿಲಿಗೆ ಬೇಕು, ವಾಹನ ನಿಲ್ಲಿಸುವ ಜಾಗಕ್ಕೆ ಬೇಕು.

ಯುರೋಪಿನ ಉನ್ನತ ನ್ಯಾಯಾಲಯ ಇದೇ ಕ್ರಮದಲ್ಲಿ ಯೋಚಿಸಿದೆ. ರುಮೇನಿಯಾದ ಒಂದು ವಸತಿ ಸಮುಚ್ಚಯದಲ್ಲಿ ಮೂರು ಕ್ಯಾಮೆರಾ ಹಾಕಿದ್ದರು. ಒಂದು ಕಟ್ಟಡದ ಮುಂಭಾಗಕ್ಕೆ, ಒಂದು ನೆಲಮಹಡಿಯ ಪಡಸಾಲೆಗೆ, ಒಂದು ಲಿಫ್ಟಿಗೆ. ನಿವಾಸಿಯೊಬ್ಬರು ತಮ್ಮ ಖಾಸಗಿತನಕ್ಕೆ ಧಕ್ಕೆಯಾಗುತ್ತದೆಂದು ನ್ಯಾಯಾಲಯದ ಮೆಟ್ಟಿಲೇರಿದರು. 2019ರ ಡಿಸೆಂಬರ್ 11ರಂದು ಬಂದ ತೀರ್ಪು ಕ್ಯಾಮೆರಾವನ್ನು ಸಾರಾಸಗಟಾಗಿ ತಳ್ಳಿಹಾಕಲಿಲ್ಲ. ಪ್ರತಿಯೊಬ್ಬರ ಒಪ್ಪಿಗೆ ಇಲ್ಲದಿದ್ದರೂ, ನಿಜವಾದ ಅಗತ್ಯವಿದ್ದರೆ ಸಾಮಾನ್ಯ ಜಾಗಗಳಲ್ಲಿ ಹಾಕಬಹುದು ಎಂದಿತು. ಆದರೆ ನಿಜವಾದ ಅಗತ್ಯ ಎಂದರೇನು ಎಂಬುದನ್ನು ಬಿಡಿಸಿ ಹೇಳಿತು. ಅಲ್ಲಿ ಮೊದಲು ಕಾರ್ಡ್ ತೋರಿಸಿ ಒಳಬರುವ ಬಾಗಿಲು ಹಾಕಿ ನೋಡಿದ್ದರು, ಅದರಿಂದ ಕಳ್ಳತನ ನಿಂತಿರಲಿಲ್ಲ; ಅದನ್ನು ನ್ಯಾಯಾಲಯ ಗಮನಿಸಿತು. ರಾತ್ರಿ ಮಾತ್ರ ಕ್ಯಾಮೆರಾ ಓಡಿಸಿದರೆ ಸಾಲದೇ, ಬೇಡದ ಭಾಗವನ್ನು ಮಸುಕು ಮಾಡಲಾಗದೇ ಎಂಬುದನ್ನೂ ಹಾಕಿಸುವವರು ಯೋಚಿಸಬೇಕು ಎಂದಿತು. ಇದನ್ನು ಓದಿದಾಗ ನನಗೆ ಸಂತೋಷವಾಯಿತು, ಏಕೆಂದರೆ ಅವೆರಡೂ ನಮ್ಮ ಯಂತ್ರಗಳಲ್ಲಿ ಮೊದಲಿನಿಂದ ಇವೆ. ಸೆಟ್ಟಿಂಗ್ಸ್ ಒಳಗೆ ವೇಳಾಪಟ್ಟಿ ಇದೆ, ಪ್ರೈವಸಿ ಮಾಸ್ಕ್ ಎಂಬ ಕಪ್ಪು ಚೌಕ ಇದೆ. ಎದುರುಮನೆಯ ಕಿಟಕಿ ಚಿತ್ರದಲ್ಲಿ ಬರುತ್ತಿದ್ದರೆ ಆ ಚೌಕವನ್ನು ಅದರ ಮೇಲೆ ಎಳೆದರೆ ಮುಗಿಯಿತು, ಅಲ್ಲಿನದು ರೆಕಾರ್ಡ್ ಆಗುವುದೇ ಇಲ್ಲ. ಎರಡು ನಿಮಿಷದ ಕೆಲಸ. ಅದನ್ನು ಮಾಡಿಕೊಡಿ ಎಂದು ಕೇಳುವವರು ಇಲ್ಲ.

ಒಳಗಿನ ಮಾತಿಗೆ ಬಂದರೆ, 2025ರಲ್ಲಿ ಭಾರತದ ಸುಪ್ರೀಂ ಕೋರ್ಟಿನವರೆಗೆ ಹೋದ ಒಂದು ಪ್ರಕರಣವಿದೆ. ಒಂದೇ ಮನೆಯನ್ನು ಹಂಚಿಕೊಂಡಿದ್ದ ಸೋದರರಲ್ಲಿ ಒಬ್ಬರು, ಮತ್ತೊಬ್ಬರ ಒಪ್ಪಿಗೆ ಪಡೆಯದೆ ವಾಸದ ಭಾಗದೊಳಗೆ ಕ್ಯಾಮೆರಾ ಹಾಕಿಸಿದ್ದರು. ಅದು ಖಾಸಗಿತನದ ಹಕ್ಕಿಗೆ ವಿರುದ್ಧ ಎಂದು ಕಲ್ಕತ್ತಾ ಹೈಕೋರ್ಟ್ ಹೇಳಿತ್ತು; ಅದರ ಮೇಲಿನ ಮನವಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಮನೆಯಲ್ಲಿ ಪಾಲಿದ್ದವರಿಗೇ ಈ ಮಾತು. ಬರೀ ಬಾಡಿಗೆ ಪಡೆಯುವವರಿಗೆ, ಬಾಡಿಗೆ ಕೊಟ್ಟು ಇರುವವರ ಒಳಮನೆ ಇನ್ನೂ ದೂರದ್ದು. ಅಲ್ಪಾವಧಿಗೆ ಮನೆ ಕೊಡಿಸುವ ಏರ್‌ಬಿಎನ್‌ಬಿ ಕಂಪನಿ ಕೂಡ 2024ರ ಏಪ್ರಿಲ್ 30ರಿಂದ, ಜಗತ್ತಿನಾದ್ಯಂತ ತನ್ನ ಮನೆಗಳ ಒಳಗೆ ಕ್ಯಾಮೆರಾ ಇರಲೇಕೂಡದು ಎಂದು ನಿಯಮ ಮಾಡಿತು. ಮೊದಲು ಮುಂಚಿತವಾಗಿ ತಿಳಿಸಿದ್ದರೆ ಹಜಾರದಲ್ಲಿ ಇರಬಹುದು ಎನ್ನುತ್ತಿತ್ತು. ಒಂದೆರಡು ರಾತ್ರಿ ತಂಗುವವರಿಗೇ ಅದು ಬೇಡವೆನಿಸಿದ ಮೇಲೆ, ವರ್ಷಗಟ್ಟಲೆ ಬಾಳುವವರ ಹಜಾರಕ್ಕೆ ಅದು ಹೇಗೆ ಸಲ್ಲುತ್ತದೆ?

ಈಗ ನನ್ನ ಕಸುಬಿನ ಒಳಗುಟ್ಟೊಂದನ್ನು ಹೇಳುತ್ತೇನೆ. ಹೆಚ್ಚು ಜಾಗ ಕಂಡರೆ ಹೆಚ್ಚು ಭದ್ರತೆ ಎಂದು ಎಲ್ಲರೂ ನಂಬಿದ್ದಾರೆ. ನಿಜ ಅದಕ್ಕೆ ತದ್ವಿರುದ್ಧ. ಅಪರಿಚಿತನ ಮುಖವನ್ನು ಇವನೇ ಎಂದು ಗುರುತಿಸಬೇಕಾದರೆ ಚಿತ್ರದಲ್ಲಿ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕಿಗಳು, ಬೇಕು ಎಂಬುದು ಈ ಕ್ಷೇತ್ರದ 2014ರ ಅಂತರರಾಷ್ಟ್ರೀಯ ಮಾನಕ ಕೊಟ್ಟ ಲೆಕ್ಕ. ಪರಿಚಯದವನೇ ಎಂದು ತಿಳಿಯಲು 125 ಸಾಕು. ಯಾರೋ ಒಬ್ಬ ಮನುಷ್ಯ ಇದ್ದಾನೆ ಎನ್ನಲು 25 ಸಾಕು. ಸಾಮಾನ್ಯವಾಗಿ ಎಲ್ಲರೂ ಕೊಳ್ಳುವ 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಭಾಗಿಸಿ ನೋಡಿ. ಸುಮಾರು ಏಳೂಮುಕ್ಕಾಲು ಮೀಟರಿಗಿಂತ ಅಗಲದ ದೃಶ್ಯವನ್ನು ಅದಕ್ಕೆ ತುಂಬಿದರೆ ಮುಖ ಗುರುತು ಸಿಗುವುದಿಲ್ಲ. ಅಗಲವಾಗಿ ನೋಡುವ 2.8 ಮಿಲಿಮೀಟರ್ ಲೆನ್ಸ್ ಸುಮಾರು 100 ಡಿಗ್ರಿ ಕಾಣುತ್ತದೆ. ಅದರಲ್ಲಿ ಮೂರು ಮೀಟರ್ ದಾಟಿದ ಮೇಲೆ ಮುಖ ಗುರುತಿನ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಅಂದರೆ ಇಡೀ ಅಂಗಳವನ್ನೂ ಹಜಾರವನ್ನೂ ಒಂದೇ ಕಣ್ಣಲ್ಲಿ ಹಿಡಿಯಲು ಹೋದವರಿಗೆ ಕಳ್ಳನ ಮುಖ ಸಿಗುವುದಿಲ್ಲ. ಆದರೆ ಮನೆಯವರು ಯಾರು ಎಷ್ಟು ಹೊತ್ತಿಗೆ ಬಂದರು, ಯಾರ ಜೊತೆ ಬಂದರು ಎಂಬುದು ಚೆನ್ನಾಗಿ ಸಿಗುತ್ತದೆ, ಏಕೆಂದರೆ ಪರಿಚಯದವರನ್ನು ಗುರುತಿಸಲು ನಡಿಗೆ ಸಾಕು, ಅಂಗಿಯ ಬಣ್ಣ ಸಾಕು. ಕಿರಿದಾದ ಲೆನ್ಸನ್ನು ಬಾಗಿಲಿಗೆ ನೇರವಾಗಿ, ತೀರಾ ಎತ್ತರದಲ್ಲಲ್ಲದೆ ಕೂರಿಸಿದರೆ ಎರಡು ಕೆಲಸವೂ ಒಟ್ಟಿಗೆ ಆಗುತ್ತವೆ: ಹೊರಗಿನವನ ಮುಖ ಸಿಗುತ್ತದೆ, ಒಳಗಿನವರ ಬದುಕು ಸಿಗುವುದಿಲ್ಲ. ಮಾಲೀಕರನ್ನು ಒಪ್ಪಿಸಲು ನಾನು ಹೆಚ್ಚಾಗಿ ಬಳಸುವುದು ಈ ಲೆಕ್ಕವನ್ನೇ. ಹಕ್ಕಿನ ಮಾತಿಗೆ ಮುಖ ತಿರುಗಿಸುವವರು ಕೂಡ ಪಿಕ್ಸೆಲ್ಲಿನ ಮಾತನ್ನು ಕೇಳುತ್ತಾರೆ.

ರಾತ್ರಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕತ್ತಲಲ್ಲಿ ನೋಡುವ ಕ್ಯಾಮೆರಾ ತನ್ನದೇ ಅವಗೆಂಪು (ಇನ್‌ಫ್ರಾರೆಡ್) ಬೆಳಕನ್ನು ಚೆಲ್ಲುತ್ತದೆ. 850 ನ್ಯಾನೋಮೀಟರ್ ತರಂಗಾಂತರದ ದೀಪಗಳಿದ್ದರೆ ಹತ್ತಿರದಿಂದ ಮಂಕು ಕೆಂಪು ಚುಕ್ಕಿಗಳು ಕಾಣುತ್ತವೆ. 940ರದ್ದಾದರೆ ಏನೂ ಕಾಣುವುದಿಲ್ಲ. ಹಂಚಿಕೊಂಡ ಮನೆಗೆ ನಾನು ಕಾಣುವಂಥದನ್ನೇ ಹಾಕುತ್ತೇನೆ. ನಡುರಾತ್ರಿ ನೀರು ಕುಡಿಯಲು ಎದ್ದವರಿಗೆ ಕ್ಯಾಮೆರಾ ಓಡುತ್ತಿದೆ ಎಂಬುದು ಗೊತ್ತಾಗಬೇಕು. ಇನ್ನೊಂದು: ಲೆನ್ಸಿನ ಮುಂದೆ ಜೇಡ ಬಲೆ ಕಟ್ಟಿದರೆ ಆ ಬೆಳಕಿಗೆ ಎಳೆಗಳು ಬೆಳ್ಳಗೆ ಹೊಳೆದು, ಗಾಳಿಗೆ ಅಲುಗಾಡಿದಾಗಲೆಲ್ಲ ಎಚ್ಚರಿಕೆಯ ಸಂದೇಶ ಹೋಗುತ್ತದೆ. ರಾತ್ರಿಯಿಡೀ ನಿಮ್ಮ ಮನೆಯಲ್ಲಿ ಓಡಾಟ ಎಂದು ಬಾಡಿಗೆದಾರರನ್ನು ಗದರಿಸಿದ ಒಬ್ಬ ಮಾಲೀಕರ ಕ್ಯಾಮೆರಾವನ್ನು ನಾನೇ ಬಟ್ಟೆಯಲ್ಲಿ ಒರೆಸಿದ್ದೇನೆ. ಸಂದೇಶ ನೋಡಿ ಮನುಷ್ಯರ ಮೇಲೆ ತೀರ್ಪು ಕೊಡಬೇಡಿ.

ಧ್ವನಿಯ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಇಂದಿನ ಹೆಚ್ಚಿನ ವೈಫೈ ಕ್ಯಾಮೆರಾಗಳಲ್ಲಿ ಮೈಕು ಇರುತ್ತದೆ, ಕೊಂಡಾಗಲೇ ಆನ್ ಆಗಿರುತ್ತದೆ. ಚಿತ್ರಕ್ಕೆ ಒಂದು ದಿಕ್ಕಿದೆ. ಧ್ವನಿಗೆ ದಿಕ್ಕಿಲ್ಲ. ಬಾಗಿಲನ್ನಷ್ಟೇ ನೋಡುವ ಕ್ಯಾಮೆರಾ ಗೋಡೆಯಾಚೆಗಿನ ಅಡುಗೆಮನೆಯ ಮಾತನ್ನೂ ಹಿಡಿಯುತ್ತದೆ. ಒಬ್ಬರು ಮೆಟ್ಟಿಲ ಮೇಲೆ ಕುಳಿತು ತಾಯಿಗೆ ಫೋನ್ ಮಾಡಿ ಸಾಲದ ವಿಷಯ ಹೇಳುತ್ತಿರುತ್ತಾರೆ. ಇನ್ನೊಬ್ಬರು ವೈದ್ಯರ ವರದಿಯ ಬಗ್ಗೆ ಮಾತನಾಡುತ್ತಿರುತ್ತಾರೆ. ಕಳ್ಳತನ ತಡೆಯಲು ಈ ಮಾತುಗಳಿಂದ ಏನಾಗಬೇಕು? 2021ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನ ಕೌಂಟಿ ನ್ಯಾಯಾಲಯ ನೆರೆಹೊರೆಯವರ ನಡುವಿನ ಕ್ಯಾಮೆರಾ ಜಗಳವೊಂದರಲ್ಲಿ ಇದನ್ನೇ ಎತ್ತಿ ಹಿಡಿಯಿತು. ಆ ಯಂತ್ರಗಳು ಚಿತ್ರಕ್ಕಿಂತ ಬಹಳ ದೂರದ ಧ್ವನಿ ಹಿಡಿಯುತ್ತವೆ, ಅಪರಾಧ ತಡೆಯುವ ಉದ್ದೇಶಕ್ಕೆ ಅಷ್ಟು ಬೇಕಿಲ್ಲ, ಚಿತ್ರಕ್ಕಿಂತ ಧ್ವನಿಯೇ ಹೆಚ್ಚು ತೊಂದರೆಯದು ಎಂಬುದು ಅಲ್ಲಿನ ನ್ಯಾಯಾಧೀಶರ ಅಭಿಪ್ರಾಯ. ಅಮೆರಿಕದ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಗುಟ್ಟಿನ ಮಾತುಕತೆಯನ್ನು, ಮಾತನಾಡುವ ಎಲ್ಲರ ಒಪ್ಪಿಗೆಯಿಲ್ಲದೆ ರೆಕಾರ್ಡ್ ಮಾಡುವುದೇ ಅಪರಾಧ. ಆದ್ದರಿಂದ ಕೂರಿಸಿದ ದಿನವೇ ಮೈಕ್ ಆಫ್ ಮಾಡಿ. ಆಫ್ ಆಗಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು; ಕ್ಯಾಮೆರಾ ಮುಂದೆ ನಿಂತು ಒಬ್ಬರು ಒಂದರಿಂದ ಹತ್ತರವರೆಗೆ ಎಣಿಸಲಿ, ಆಮೇಲೆ ಆ ರೆಕಾರ್ಡಿಂಗನ್ನು ಎಲ್ಲರೆದುರು ಕೇಳಿಸಿ. ತುಟಿ ಅಲುಗಾಡಬೇಕು, ಸದ್ದು ಬರಬಾರದು. ಈ ಪರೀಕ್ಷೆ ಮಾಡಿದಾಗ ಬಾಡಿಗೆದಾರರ ಮುಖದ ಬಿಗಿ ಸಡಿಲವಾಗುವುದನ್ನು ನಾನು ಪ್ರತಿ ಸಲವೂ ನೋಡಿದ್ದೇನೆ.

ಇನ್ನು ರೆಕಾರ್ಡಿಂಗ್ ಯಾರ ಕೈಯಲ್ಲಿರಬೇಕು ಎಂಬುದು. ಮೊದಲ ಕಷ್ಟ ನಮ್ಮ ಮನೆಯ ಹೊರಗೇ ಇದೆ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರ ಮೇ ತಿಂಗಳಲ್ಲಿ ಒಂದು ದೊಡ್ಡ ಡೋರ್‌ಬೆಲ್ ಕ್ಯಾಮೆರಾ ಕಂಪನಿಯ ಮೇಲೆ ಆರೋಪ ಹೊರಿಸಿತು. ಗ್ರಾಹಕರ ವೀಡಿಯೊಗಳನ್ನು ಕಂಪನಿಯ ನೌಕರರು ನೋಡಲು ತಡೆಯೇ ಇರಲಿಲ್ಲ. 2017ರಲ್ಲಿ ಒಬ್ಬ ನೌಕರ ತಿಂಗಳುಗಟ್ಟಲೆ ಮಹಿಳೆಯರ ಮಲಗುವ ಕೋಣೆ, ಬಚ್ಚಲುಗಳ ಸಾವಿರಾರು ವೀಡಿಯೊ ನೋಡಿದ್ದ ಎಂಬುದು ಆ ಆರೋಪ. ಬೇಲಿಯೇ ಎದ್ದು ಹೊಲ ಮೇಯ್ದದ್ದು. ಕಂಪನಿ 58 ಲಕ್ಷ ಡಾಲರ್ ಕಟ್ಟಿ ಇತ್ಯರ್ಥ ಮಾಡಿಕೊಳ್ಳಬೇಕಾಯಿತು. ಅದಕ್ಕೂ ಮೊದಲು, 2016ರಲ್ಲಿ, ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ ಮತ್ತು ರೂಟರ್‌ಗಳನ್ನು ವಶಪಡಿಸಿಕೊಂಡಿತ್ತು. ಅದಕ್ಕೆ ದೊಡ್ಡ ಜಾಣತನವೇನೂ ಬೇಕಾಗಿರಲಿಲ್ಲ. ಕಾರ್ಖಾನೆಯಿಂದ ಬರುವಾಗಲೇ ಇದ್ದ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿತ್ತು, ಅಷ್ಟೇ. ಎಲ್ಲ ಯಂತ್ರಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದನ್ನು ಬ್ರಿಟನ್ 2024ರ ಏಪ್ರಿಲ್ 29ರಿಂದ ಕಾನೂನಿನ ಮೂಲಕ ನಿಲ್ಲಿಸಿತು. ನನ್ನಂಥ ಕೆಲಸಗಾರರ ತಪ್ಪೂ ಇದರಲ್ಲಿದೆ. ಸರ್ವೀಸಿಗೆ ಬಂದಾಗ ಸುಲಭವಾಗಲಿ ಎಂದು ಎಷ್ಟೋ ಜನ ಎಲ್ಲ ಮನೆಗಳಿಗೂ ಒಂದೇ ಪಾಸ್‌ವರ್ಡ್ ಹಾಕಿ ಬರುತ್ತಾರೆ. ಕೆಲಸ ಮುಗಿದ ಮೇಲೆ ಕೂರಿಸಿದವನ ಎದುರಿನಲ್ಲೇ ಅದನ್ನು ಬದಲಿಸಿ, ಅವನಿಗೆ ಹೇಳಬೇಡಿ. ಒಳ್ಳೆಯ ಕೆಲಸಗಾರ ಅದಕ್ಕೆ ಬೇಸರಪಡುವುದಿಲ್ಲ.

ಅದಕ್ಕಿಂತ ದೊಡ್ಡ ಕಷ್ಟ ಮನೆಯ ಒಳಗಿನದು. ಬಾಡಿಗೆ ಮನೆಯಲ್ಲಿ ಎಲ್ಲರ ಬಲ ಒಂದೇ ಅಲ್ಲ. ಒಬ್ಬರು ಮನೆ ಬಿಡಿ ಎನ್ನಬಲ್ಲವರು, ಉಳಿದವರು ಬಿಡಬೇಕಾದವರು. ಹೀಗಿರುವಾಗ ಒಬ್ಬರದೇ ಮೊಬೈಲಿನಲ್ಲಿ, ದಿನದ ಇಪ್ಪತ್ತನಾಲ್ಕು ಗಂಟೆ ನೇರ ಚಿತ್ರ ತೆರೆದಿದ್ದರೆ ನಾಳೆ ಅದು ಕಳ್ಳತನದ ಮಾತಾಗಿ ಉಳಿಯುವುದಿಲ್ಲ. ನಿನ್ನೆ ರಾತ್ರಿ ತಡವಾಗಿ ಬಂದಿರಿ, ನಿಮ್ಮ ಗೆಳೆಯರು ಮೂರು ದಿನದಿಂದ ಬರುತ್ತಿದ್ದಾರೆ ಎಂಬ ಮಾತಾಗುತ್ತದೆ. ಆ ಮಾತು ಬಂದ ಮೇಲೆ ಅದು ಮನೆಯಾಗಿ ಉಳಿಯುವುದಿಲ್ಲ, ಹಾಜರಿ ಪುಸ್ತಕವಾಗುತ್ತದೆ. ಮಾಲೀಕರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ನೋಡಲು ಸಿಗುವುದನ್ನು ನೋಡದೆ ಇರುವುದು ಒಳ್ಳೆಯ ಮನುಷ್ಯರಿಗೂ ಕಷ್ಟ. ಊಟಕ್ಕೆ ಕುಳಿತಾಗ ಸುಮ್ಮನೆ ಆ್ಯಪ್ ತೆರೆದು ನೋಡುತ್ತೇನೆ ಎಂದು ಎಷ್ಟೋ ಜನ ನನ್ನೊಡನೆ ಸಹಜವಾಗಿ ಹೇಳಿದ್ದಾರೆ.

ಹಾಗಾಗಿ ನೇರ ಚಿತ್ರವನ್ನೇ ತೆಗೆದುಬಿಡಿ ಎನ್ನುತ್ತೇನೆ. ರೆಕಾರ್ಡಿಂಗ್ ಉಳಿಸುವ ಡಿವಿಆರ್ ಪೆಟ್ಟಿಗೆ ಮನೆಯಲ್ಲೇ, ಬೀಗ ಹಾಕಿದ ಕಪಾಟಿನಲ್ಲಿರಲಿ, ಇಂಟರ್‌ನೆಟ್ಟಿಗೆ ಸೇರಿಸುವುದೇ ಬೇಡ. ಕೀಲಿ ಮಾಲೀಕರ ಬಳಿ ಇರಲಿ, ಪಾಸ್‌ವರ್ಡ್ ಬಾಡಿಗೆದಾರರು ಆರಿಸಿದ ಒಬ್ಬರ ಬಳಿ ಇರಲಿ. ಒಬ್ಬರೇ ನೋಡಲು ಆಗಬಾರದು. ಏನಾದರೂ ನಡೆದಾಗ ಇಬ್ಬರೂ ಕೂಡಿ, ನಡೆದ ಹೊತ್ತಿನ ಹಿಂದೆ ಮುಂದೆ ಕೆಲವು ನಿಮಿಷ ಮಾತ್ರ ಪ್ಲೇಬ್ಯಾಕ್ ನೋಡಲಿ. ಯಾವ ದಿನ, ಯಾವ ಹೊತ್ತಿನದು, ಯಾಕೆ ನೋಡಿದೆವು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಯಂತ್ರದ ಗಡಿಯಾರ ಸರಿಯಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಹತ್ತು ನಿಮಿಷ ತಪ್ಪಾಗಿದ್ದರೆ ಪೊಲೀಸರ ಮುಂದೆ ಅದು ತಪ್ಪು ಮನುಷ್ಯನ ಕಡೆ ಬೆರಳು ತೋರಿಸಬಹುದು.

ಎಷ್ಟು ದಿನ ಇಟ್ಟುಕೊಳ್ಳಬೇಕು? ಹಾರ್ಡ್ ಡಿಸ್ಕ್ ತುಂಬುವವರೆಗೆ ಎನ್ನುವುದು ಉತ್ತರವಲ್ಲ, ಅದು ಸೋಮಾರಿತನ. ಯುರೋಪಿನ ದತ್ತಾಂಶ ರಕ್ಷಣಾ ಮಂಡಳಿ 2020ರ ಜನವರಿಯಲ್ಲಿ ಅಂತಿಮಗೊಳಿಸಿದ ಮಾರ್ಗಸೂಚಿಯಲ್ಲಿ, ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಅಳಿಸಬೇಕು, 72 ಗಂಟೆಗಿಂತ ಹೆಚ್ಚು ಇಟ್ಟುಕೊಂಡಷ್ಟೂ ಹೆಚ್ಚು ಬಲವಾದ ಕಾರಣ ಕೊಡಬೇಕು ಎಂದಿದೆ. ಪಾರ್ಸೆಲ್ ಕಳೆದರೆ ಎರಡು ದಿನದಲ್ಲಿ ಗೊತ್ತಾಗುತ್ತದೆ. ಎಲ್ಲರೂ ರಜೆಗೆ ಹೋಗುವ ಮನೆಯಾದರೆ ಏಳು ದಿನ ಇಡಿ. ಹಳೆಯದರ ಮೇಲೆ ಹೊಸದು ತಾನಾಗಿ ಬರೆದುಕೊಳ್ಳುವಂತೆ ಮಾಡಿಕೊಡಲು ಕೇಳಿ. ಅದಕ್ಕೆ ಹೆಚ್ಚು ಹಣ ಕೇಳುವವನು ನಿಮಗೆ ಮೋಸ ಮಾಡುತ್ತಿದ್ದಾನೆ.

ಇದೆಲ್ಲ ಬಾಯಿಮಾತಾಗಿ ಇರಬಾರದು. ಬಾಡಿಗೆ ಕರಾರಿನ ಜೊತೆ ಒಂದು ಹಾಳೆ ಸೇರಿಸಿ. ಎಷ್ಟು ಕ್ಯಾಮೆರಾ, ಎಲ್ಲೆಲ್ಲಿ, ಯಾತಕ್ಕೆ, ಧ್ವನಿ ಇದೆಯೇ, ಎಷ್ಟು ದಿನ, ಯಾರು ನೋಡಬಹುದು. ಪ್ರತಿ ಕ್ಯಾಮೆರಾದ ಚಿತ್ರದ ಒಂದು ಸ್ಕ್ರೀನ್‌ಶಾಟ್ ಮುದ್ರಿಸಿ ಆ ಹಾಳೆಗೆ ಅಂಟಿಸಿ. ಇದು ನನ್ನ ಸ್ವಂತ ಅಭ್ಯಾಸ, ತುಂಬ ಉಪಯೋಗಕ್ಕೆ ಬಂದಿದೆ. ಡೋಮ್ ಕ್ಯಾಮೆರಾದ ಕಪ್ಪು ಬುರುಡೆಯೊಳಗೆ ಕಣ್ಣು ಎತ್ತ ತಿರುಗಿದೆ ಎಂದು ಕೆಳಗೆ ನಿಂತವರಿಗೆ ತಿಳಿಯುವುದಿಲ್ಲ. ಆ ಚಿತ್ರ ಕೈಯಲ್ಲಿದ್ದರೆ, ಮುಂದೆ ಯಾರಾದರೂ ಆಂಗಲ್ ಬದಲಿಸಿದರೂ ಹೋಲಿಸಿ ಹೇಳಬಹುದು. ಹೊಸ ಬಾಡಿಗೆದಾರರು ಮುಂಗಡ ಕೊಡುವ ಮೊದಲೇ ಇದನ್ನು ನೋಡಬೇಕು, ಪೆಟ್ಟಿಗೆ ಇಳಿಸಿದ ಮೇಲಲ್ಲ. ಯಾರಾದರೂ ಮನೆ ಬಿಟ್ಟಾಗ ಪಾಸ್‌ವರ್ಡ್ ಅದೇ ದಿನ ಬದಲಾಗಬೇಕು. ಹಳೆಯ ಬಾಡಿಗೆದಾರರ ಮೊಬೈಲಿನಲ್ಲಿ ಎರಡು ವರ್ಷದ ಮೇಲೂ ಆ ಮನೆಯ ಬಾಗಿಲು ಕಾಣುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮೊದಲು ಹೇಳಿದ, ಐದು ಜನರಿದ್ದ ಆ ಮನೆಯ ಕೆಲಸ ಏನಾಯಿತು ಎಂದು ಹೇಳುವುದು ಉಳಿದಿದೆ. ಏಣಿಯ ಬಳಿ ನಿಂತೇ ಮಾಲೀಕರಿಗೆ ಫೋನ್ ಮಾಡಿದೆ. ಚಪ್ಪಲಿಯ ಮಾತನ್ನು ಆಕೆ ಹೇಳಿದ ಹಾಗೆಯೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಅದನ್ನು ಯೋಚಿಸಲೇ ಇಲ್ಲವಲ್ಲ" ಎಂದರು. ಮೂರನೆಯ ಕ್ಯಾಮೆರಾವನ್ನು ಹೊರಗಿನ ಮೆಟ್ಟಿಲ ಕೆಳಗೆ, ಸೈಕಲ್ ನಿಲ್ಲಿಸುವ ಕಡೆ ತಿರುಗಿಸಿ ಹಾಕಿದೆ. ಹಜಾರದ ಗೋಡೆಯಲ್ಲಿ ಕೊರೆದಿದ್ದ ಎರಡು ತೂತುಗಳಿಗೆ ನಾನೇ ಪುಟ್ಟಿ ತುಂಬಿದೆ.

ಇನ್ನು ನೀವು ಕೇಳಿದ ಪ್ರಶ್ನೆಗಳು.

ಒಬ್ಬರು ಕೇಳಿದರು: ಬಾಡಿಗೆದಾರರೇ ತಮ್ಮ ಕೋಣೆಯೊಳಗೆ ಕ್ಯಾಮೆರಾ ಇಟ್ಟುಕೊಳ್ಳಬಹುದೇ? ಕೋಣೆ ನಿಮ್ಮೊಬ್ಬರದೇ ಆಗಿದ್ದರೆ ಇಡಿ, ಆದರೆ ಬಾಗಿಲು ತೆರೆದಾಗ ಎದುರಿನ ಕೋಣೆ ಅದರಲ್ಲಿ ಬೀಳುತ್ತದೆಯೇ ಎಂದು ನೋಡಿಕೊಳ್ಳಿ. ನಿಮ್ಮ ಕೋಣೆಗೆ ಬರುವ ಅತಿಥಿಗಳಿಗೆ ಮೊದಲೇ ತಿಳಿಸಿ, ಅಥವಾ ಅವರು ಇರುವಷ್ಟು ಹೊತ್ತು ಪ್ಲಗ್ ತೆಗೆಯಿರಿ. ಒಂದೇ ಕೋಣೆಯನ್ನು ಇಬ್ಬರು ಹಂಚಿಕೊಂಡಿದ್ದರೆ, ಇನ್ನೊಬ್ಬರು ಒಪ್ಪದೆ ಬೇಡವೇ ಬೇಡ.

ನಿಮ್ಮ ಬಾಗಿಲ ಹೊರಗೆ ಹಾಕುವ ಡೋರ್‌ಬೆಲ್ ಕ್ಯಾಮೆರಾ ಬೇರೆ ವಿಷಯ. ಚೆಕ್ ಗಣರಾಜ್ಯದಲ್ಲಿ ಒಬ್ಬರು ತಮ್ಮ ಮನೆಯ ಕಿಟಕಿಗಳನ್ನು ಪದೇ ಪದೇ ಒಡೆಯುತ್ತಿದ್ದವರನ್ನು ಹಿಡಿಯಲು ಸೂರಿನ ಕೆಳಗೆ ಕ್ಯಾಮೆರಾ ಹಾಕಿದ್ದರು. ಅದರಲ್ಲಿ ರಸ್ತೆಯೂ ಎದುರುಮನೆಯ ಬಾಗಿಲೂ ಬೀಳುತ್ತಿತ್ತು. ಸ್ವಂತ ಮನೆಯ ಖಾಸಗಿ ವ್ಯವಹಾರವೆಂದು ಕಾನೂನಿನಿಂದ ವಿನಾಯಿತಿ ಕೇಳುವಂತಿಲ್ಲ ಎಂದು ರುಮೇನಿಯಾದ ಪ್ರಕರಣದಲ್ಲಿ ತೀರ್ಪು ಕೊಟ್ಟ ಯುರೋಪಿನ ಅದೇ ನ್ಯಾಯಾಲಯ ಹೇಳಿತು. ಅದು 2014ರ ಡಿಸೆಂಬರ್ 11ರಂದು ಬಂದ ತೀರ್ಪು. ಅಲ್ಲಿ ಆ ಮನುಷ್ಯನ ಭಯ ನಿಜವಾಗಿತ್ತು, ಕ್ಯಾಮೆರಾದಿಂದ ಶಂಕಿತರು ಸಿಕ್ಕಿದ್ದೂ ನಿಜ. ಆದರೂ ಹೊಸ್ತಿಲಾಚೆ ಕಣ್ಣು ಹೋದಾಗ ಹೊಣೆಯೂ ಜೊತೆಗೆ ಹೋಗುತ್ತದೆ ಎಂಬುದು ತೀರ್ಪಿನ ತಿರುಳು. ಹಂಚಿಕೊಂಡ ಮನೆಯಲ್ಲಿ ನಿಮ್ಮ ಕೋಣೆಯ ಹೊಸ್ತಿಲಾಚೆ ಇರುವುದು ರಸ್ತೆಯಲ್ಲ, ಇನ್ನೊಬ್ಬರ ಮನೆ.

ಗುಪ್ತ ಕ್ಯಾಮೆರಾ ಸಿಕ್ಕರೆ ಏನು ಮಾಡಬೇಕು ಎಂದು ಹಿಂದಿನ ಸಾಲಿನಿಂದ ಕೇಳಿದಿರಿ. ಬಚ್ಚಲಲ್ಲಿ, ಮಲಗುವ ಕೋಣೆಯಲ್ಲಿ ಸಿಕ್ಕರೆ ಅದು ಹೊಂದಾಣಿಕೆಯ ವಿಷಯವೇ ಅಲ್ಲ, ಅಪರಾಧ. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನ ಪ್ರಕಾರ, ಒಪ್ಪಿಗೆಯಿಲ್ಲದೆ ಒಬ್ಬರ ಗುಪ್ತಾಂಗಗಳ ಚಿತ್ರ ಸೆರೆಹಿಡಿದರೆ ಮೂರು ವರ್ಷದವರೆಗೆ ಸೆರೆವಾಸವಿದೆ. ಬೇರೆ ದೇಶಗಳಲ್ಲೂ ಇಂಥ ಕಾನೂನುಗಳಿವೆ. ಅದನ್ನು ಕೀಳಬೇಡಿ, ಮುಟ್ಟಬೇಡಿ. ಇದ್ದ ಜಾಗದಲ್ಲೇ ಫೋಟೊ ತೆಗೆದುಕೊಳ್ಳಿ, ಲೆನ್ಸಿನ ಮುಂದೆ ಬಟ್ಟೆ ಇಳಿಬಿಡಿ, ಪೊಲೀಸರನ್ನು ಕರೆಯಿರಿ. ಮನೆಯವರೊಡನೆ ಮಾತನಾಡುವುದು ಆಮೇಲೆ.

ಕೊನೆಯ ಪ್ರಶ್ನೆ ಕೇಳಿದವರು ಒಬ್ಬ ಹಿರಿಯ ಮಾಲೀಕರು. ಬಾಡಿಗೆದಾರರಲ್ಲಿ ಮೂವರಿಗೆ ಕ್ಯಾಮೆರಾ ಬೇಕು, ಒಬ್ಬರಿಗೆ ಬೇಡ. ಬಹುಮತಕ್ಕೆ ಬೆಲೆಯಿಲ್ಲವೇ ಎಂದರು. ಒಳ್ಳೆಯ ಪ್ರಶ್ನೆ. ನೀವು ಆ ಒಬ್ಬರ ಹತ್ತಿರ ಹೋಗಿ, ಯಾಕೆ ಬೇಡ ಎಂದು ಕೇಳಬೇಡಿ. ಯಾಕೆ ಎಂದು ಹೇಳುವುದೇ ಅವರಿಗೆ ಕಷ್ಟವಿರಬಹುದು. ಯಾರಿಂದಲೋ ತಪ್ಪಿಸಿಕೊಂಡು ಬಂದಿರಬಹುದು, ಹೊತ್ತುಗೊತ್ತಿಲ್ಲದ ಕೆಲಸವಿರಬಹುದು. ಕ್ಯಾಮೆರಾದ ಚಿತ್ರವನ್ನು ಅವರ ಕೈಗೆ ಕೊಟ್ಟು, ಇದರಲ್ಲಿ ಯಾವ ಭಾಗ ಬೇಡ ಎಂದು ಕೇಳಿ. ನನ್ನ ಅನುಭವದಲ್ಲಿ ಪೂರ್ತಿ ಬೇಡ ಎಂದವರು ತೀರಾ ಕಡಿಮೆ. ಹೆಚ್ಚಿನವರು ಪರದೆಯ ಒಂದು ಮೂಲೆಯ ಮೇಲೆ ಬೆರಳಿಡುತ್ತಾರೆ. ಆ ಮೂಲೆಯ ಮೇಲೆ ಕಪ್ಪು ಚೌಕ ಎಳೆದುಕೊಡುವುದು ನನ್ನ ಕೆಲಸ.